ಇಬ್ಬರು ರಾವಣರು, ಒಬ್ಬ ಕಣ್ಣಪ್ಪ

ಮಂಡಾಳ ಒಗ್ಗರಣಿಯ ತಟ್ಟೆ ಖಾಲಿಯಾಗಿತ್ತು, ಮಿರ್ಚಿ ಇನ್ನೂ ಎರಡು ಉಳಿದಿದ್ದವು. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಆ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕಾರು ಜನ ಕೂಡುತ್ತಾರೆ. ಮಾತು ಮಳೆಯಿಂದ ಶುರುವಾಗಿ, ಹತ್ತಿಯ ದರಕ್ಕೆ ಹೋಗಿ, ಕಾಲುವೆಗೆ ನೀರು ಬಿಡುವ ದಿನಕ್ಕೆ ಬಂದು, ಕಡೆಗೆ ಹಳೇ ಪಿಚ್ಚರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕದಲುವುದಿಲ್ಲ. ಆ ದಿನ ನಿವೃತ್ತ ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಈಗ ಹೇಳ್ರಿ, ಭೂಕೈಲಾಸದಾಗ ರಾವಣ ಯಾರು?"

ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಕಾಯುತ್ತಲೇ ಇದ್ದರು. ಅವರು ಗುರುಮಠಕಲ್ ಕಡೆಯವರು, ಮನೆಯಲ್ಲಿ ಅರ್ಧ ತೆಲುಗು. "ಎನ್‌ಟಿಆರ್ ಬಂದು ನಿಂತ್ರ ಸಾಕ್ರಿ, ರಾವಣನೇ ಬಂದಂಗ. ಅಣ್ಣಾವ್ರು ಚಲೋ ಮಾಡ್ಯಾರ, ಇಲ್ಲನ್ನೂದಿಲ್ಲ. ಆದ್ರ ಅವರು ಕೈ ಮುಗಿದ ಕೂಡಲೇ ಭಕ್ತ ಆಗಿಬಿಡ್ತಾರ, ರಾವಣ ಉಳಿಯೂದಿಲ್ಲ."

"ಆ ಕಥಿನೇ ಭಕ್ತಂದಲ್ರಿ! ಲಂಕಾದ ಯುದ್ಧದ ರಾವಣ ಅಲ್ಲ ಅಂವ. ತಾಯಿ ಪೂಜಾದ ಸಲುವಾಗಿ ಆತ್ಮಲಿಂಗ ತರಾಕ ಹೋದಾಂವ. ಅಲ್ಲಿ ಗದೆ ತಿರುವಿದ್ರ ನಡೀತದೇನು?" ಎಂದರು ಮಾಸ್ತರರು.

ಈ ವಾದ ನನಗೆ ಹೊಸದಲ್ಲ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಇದನ್ನು ಬೇರೆ ಬೇರೆ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಕಿವಿ ನಿಮಿರುತ್ತದೆ. ಏಕೆಂದರೆ ಈ ವಾದಕ್ಕೆ ಗಟ್ಟಿಯಾದ ತಳಪಾಯವಿದೆ. 1958ರಲ್ಲಿ ಮದರಾಸಿನ ಎ.ವಿ.ಎಂ. ಸಂಸ್ಥೆ ಭೂಕೈಲಾಸವನ್ನು ಕನ್ನಡ, ತೆಲುಗು ಎರಡರಲ್ಲೂ ತೆಗೆಯಿತು. ಎರಡಕ್ಕೂ ನಿರ್ದೇಶಕರು ಕೆ. ಶಂಕರ್ ಒಬ್ಬರೇ. ತೆಲುಗಿನಲ್ಲಿ ಎನ್.ಟಿ. ರಾಮರಾವ್ ರಾವಣ, ಅಕ್ಕಿನೇನಿ ನಾಗೇಶ್ವರರಾವ್ ನಾರದ. ಕನ್ನಡದಲ್ಲಿ ರಾಜ್‌ಕುಮಾರ್ ರಾವಣ, ಕಲ್ಯಾಣ್‌ಕುಮಾರ್ ನಾರದ. ಒಂದೇ ಕಥೆ, ಒಂದೇ ನಿರ್ದೇಶಕ, ಒಂದೇ ವರ್ಷ. ಇಬ್ಬರು ನಟರನ್ನು ತಕ್ಕಡಿಯಲ್ಲಿಟ್ಟು ತೂಗುವುದಕ್ಕೆ ಇದಕ್ಕಿಂತ ಸರಿಯಾದ ಕಲ್ಲು ಸಿಗುವುದಿಲ್ಲ. ಬೆಂಗಳೂರಿನವನು ಒಂದನ್ನು ನೋಡಿದ್ದ, ಹೈದರಾಬಾದಿನವನು ಇನ್ನೊಂದನ್ನು ನೋಡಿದ್ದ. ಎರಡನ್ನೂ ನೋಡಿ ಎರಡೂ ಭಾಷೆ ತಿಳಿದು ತೀರ್ಪು ಕೊಡಬಲ್ಲವರು ಗಡಿಯ ಜನ. ಅಂದರೆ ನಾವು.

ಕಲ್ಲು ತೂಗುತ್ತಿರುವಾಗಲೇ ಮಾಸ್ತರರು ಇನ್ನೊಂದು ಮಾತು ಹಾಕಿದರು. "ಇವರಿಬ್ಬರನ್ನೂ ಬಿಡ್ರಿ. ಮೊದಲನೇ ರಾವಣ ಸುಬ್ಬಯ್ಯ ನಾಯ್ಡು."

ಅದು ನಿಜ. 1940ರಲ್ಲೇ, ಎ.ವಿ.ಎಂ. ಸಂಸ್ಥೆ ಹುಟ್ಟುವ ಮುಂಚೆ, ಅದರ ಸ್ಥಾಪಕ ಎ.ವಿ. ಮೇಯಪ್ಪನ್ ತೆಲುಗಿನಲ್ಲಿ ಭೂಕೈಲಾಸ್ ತೆಗೆದಿದ್ದರು. ಅದರಲ್ಲಿ ರಾವಣ ಕನ್ನಡ ರಂಗಭೂಮಿಯ ಎಂ.ವಿ. ಸುಬ್ಬಯ್ಯ ನಾಯ್ಡು, ನಾರದ ಆರ್. ನಾಗೇಂದ್ರರಾವ್. ಇವರಿಬ್ಬರ ನಾಟಕ ಮಂಡಳಿ ಕನ್ನಡದಲ್ಲಿ ಆಡಿ ಹೆಸರು ಮಾಡಿದ ನಾಟಕವೇ ತೆಲುಗು ತೆರೆಗೆ ಹೋಯಿತು. ಅದಕ್ಕೂ ಮುಂಚೆ 1934ರ ಮೊದಲ ಕನ್ನಡ ಮಾತಿನ ಚಿತ್ರ ಸತಿ ಸುಲೋಚನಾದಲ್ಲಿ ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾವ್ ರಾವಣ. ನಟ ಲೋಕೇಶ್ ಈ ನಾಯ್ಡು ಅವರ ಮಗ. ಅಂದ ಮೇಲೆ 1958ರ ಇಬ್ಬರು ರಾವಣರ ಹಿಂದೆ ಒಬ್ಬ ಹಿರಿಯ ರಾವಣ ನಿಂತಿದ್ದಾನೆ, ಅವನು ಕನ್ನಡದ ಕಂಪನಿ ನಾಟಕದಿಂದ ಬಂದವನು. ಲೆಕ್ಕದವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಅದನ್ನ ನೀವು ನೋಡೀರೇನು?" ಎಂದರು. ಮಾಸ್ತರರು ನೋಡಿರಲಿಲ್ಲ. ಸತಿ ಸುಲೋಚನಾದ ಪ್ರತಿಯಂತೂ ಇವತ್ತು ಯಾರ ಬಳಿಯೂ ಇಲ್ಲ. ಮೊದಲ ಮಾತಿನ ಚಿತ್ರವನ್ನೇ ನಾವು ಉಳಿಸಿಕೊಳ್ಳಲಿಲ್ಲ ಎಂಬುದು ನನಗೆ ಇಂದಿಗೂ ಹೊಟ್ಟೆಯೊಳಗಿನ ಸಂಕಟ. ನೋಡದ ನಟನ ಪರವಾಗಿ ಎಷ್ಟು ಹೊತ್ತು ವಾದಿಸಲಾದೀತು?

ಸಗರನಾಡು ಎನ್ನುವ ನಮ್ಮ ಈ ಸೀಮೆಯ ತಕ್ಕಡಿಗೆ ಒಂದು ಇತಿಹಾಸವಿದೆ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಸೀಮೆ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಕಚೇರಿಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಕೇಳಿ ಬೆಳೆದ ಮಂದಿಗೆ ಸಿನಿಮಾ ಬಂದದ್ದೂ ಮೂರು ಭಾಷೆಯಲ್ಲಿ. ಯಾದಗಿರಿ ಮುಂಬಯಿ–ಮದರಾಸು ರೈಲು ದಾರಿಯ ಮೇಲಿರುವ ಊರು, ಗುರುಮಠಕಲ್ ದಾಟಿದರೆ ಇವತ್ತಿನ ತೆಲಂಗಾಣ. ದಿಲೀಪ್ ಕುಮಾರ್, ನಾಗೇಶ್ವರರಾವ್, ರಾಜ್‌ಕುಮಾರ್ ಮೂವರೂ ಇಲ್ಲಿ ಹೊರಗಿನವರಲ್ಲ. ಒಂದೇ ಗೋಡೆಯ ಮೇಲೆ ಮೂರು ಲಿಪಿಯ ಪೋಸ್ಟರುಗಳನ್ನು ಓದಿದ ನೆನಪು ನನ್ನ ವಯಸ್ಸಿನ ಎಲ್ಲರಿಗೂ ಇದೆ.

ಭಾಷೆಗಿಂತ ದೊಡ್ಡ ಕಾರಣ ಇನ್ನೊಂದು ಎಂದು ನನ್ನ ನಂಬಿಕೆ. ನಮ್ಮಲ್ಲಿ ಸಿನಿಮಾ ನೋಡುವವನು ಬಹುತೇಕ ತಾನೇ ಒಮ್ಮೆ ಬಣ್ಣ ಹಚ್ಚಿದವನು. ಜಾತ್ರೆ ಬಂತೆಂದರೆ ಊರಲ್ಲಿ ಬಯಲಾಟ, ಇಲ್ಲವೇ ನಾಟಕ. ಕಂದಗಲ್ಲ ಹನುಮಂತರಾಯರ ರಕ್ತರಾತ್ರಿಯನ್ನು ಆಡದ ಹಳ್ಳಿಯನ್ನು ಹುಡುಕಬೇಕು. ಹೊಲದ ಕೆಲಸ ಮುಗಿಸಿ ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಾತು ಬಾಯಿಪಾಠ ಮಾಡಿ, ಬಾಡಿಗೆ ಕಿರೀಟ ಏರಿಸಿ, ಪೇಟಿ ಮಾಸ್ತರರಿಂದ ಬೈಸಿಕೊಂಡು ಪಾರ್ಟು ಮಾಡಿದವರು ಇವರು. ಅದಕ್ಕೇ ಇಲ್ಲಿ ಯಾರೂ "ಯಾವ ಹೀರೋ ದೊಡ್ಡವನು" ಎಂದು ಕೇಳುವುದಿಲ್ಲ. "ಆ ಪಾರ್ಟು ಯಾರಿಗೆ ಒಪ್ಪಿತು" ಎಂದು ಕೇಳುತ್ತಾರೆ. ದುರ್ಯೋಧನನ ಪಾರ್ಟು ಮಾಡಿದ ರೈತನೊಬ್ಬ ಎನ್‌ಟಿಆರ್ ಅವರ ದುರ್ಯೋಧನನನ್ನು ನೋಡಿದಾಗ ಅವನ ಕಣ್ಣು ಹೋಗುವುದು ಗದೆ ಹಿಡಿದ ಕೈಗೆ. ಗದೆ ಹೆಗಲ ಮೇಲೆ ಕೂತಿದೆಯೋ, ಹೆಗಲಿನಿಂದ ಜಾರುತ್ತಿದೆಯೋ? ಭಾರ ಇದೆ ಎಂದು ಕೈ ಹೇಳುತ್ತಿದೆಯೋ? ಅಭಿಮಾನಿಯ ಕಣ್ಣಿಗಿಂತ ಅದು ಕಸಬುದಾರನ ಕಣ್ಣು.

ಆ ಕಣ್ಣಿಗೆ 1977 ಹಬ್ಬದ ವರ್ಷ. ಆ ಜನವರಿಯಲ್ಲಿ ತೆಲುಗಿನ ದಾನವೀರ ಶೂರ ಕರ್ಣ ಬಂತು. ಎನ್‌ಟಿಆರ್ ತಾವೇ ನಿರ್ದೇಶಿಸಿ ಕರ್ಣ, ದುರ್ಯೋಧನ, ಕೃಷ್ಣ ಮೂವರನ್ನೂ ಆಡಿದರು. ಅದೇ ವರ್ಷ ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಯವರ ಬಭ್ರುವಾಹನ. ರಾಜ್‌ಕುಮಾರ್ ಅರ್ಜುನನೂ ಹೌದು, ಅವನಿಗೆ ಎದುರು ನಿಂತ ಮಗನೂ ಹೌದು. ಮೂರು ಪಾರ್ಟು ಹೆಚ್ಚೋ ಎರಡು ಹೆಚ್ಚೋ ಎಂಬುದು ಸಣ್ಣ ಹುಡುಗರ ಲೆಕ್ಕ. ಬಲ್ಲವರು ಹೇಳುವುದು ಬೇರೆ. ಎನ್‌ಟಿಆರ್‌ಗೆ ಮೂರು ಬೇರೆ ಬೇರೆ ಸ್ವಭಾವಗಳು ಸಿಕ್ಕವು. ರಾಜ್‌ಕುಮಾರ್‌ಗೆ ಸಿಕ್ಕಿದ್ದು ಒಂದೇ ರಕ್ತದ, ಒಂದೇ ಗರ್ವದ ಇಬ್ಬರು. ಅವರನ್ನು ಬೇರೆ ಮಾಡಿ ತೋರಿಸುವುದು ಕಷ್ಟದ ಕೆಲಸ. ನನ್ನ ಮತ ಬಭ್ರುವಾಹನಕ್ಕೆ. ಆದರೆ ದುರ್ಯೋಧನನೊಬ್ಬನನ್ನೇ ತೆಗೆದುಕೊಂಡರೆ ಎನ್‌ಟಿಆರ್‌ಗೆ ತಲೆಬಾಗುತ್ತೇನೆ.

ಹರಿಶ್ಚಂದ್ರನ ವಿಷಯಕ್ಕೆ ಬಂದರೆ ಮಾಸ್ತರರ ದನಿ ಏರುತ್ತದೆ. 1965ರಲ್ಲಿ ಕೆ.ವಿ. ರೆಡ್ಡಿ ತೆಲುಗಿನಲ್ಲಿ ಎನ್‌ಟಿಆರ್ ಅವರನ್ನಿಟ್ಟುಕೊಂಡು ಸತ್ಯ ಹರಿಶ್ಚಂದ್ರ ನಿರ್ದೇಶಿಸಿದರು. ರೆಡ್ಡಿಯವರೇ ನಿರ್ಮಿಸಿ, ರಾಜ್‌ಕುಮಾರ್ ಹರಿಶ್ಚಂದ್ರನಾದ ಕನ್ನಡದ ಚಿತ್ರವನ್ನು ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದರು. ಕನ್ನಡದ್ದು ಗೆದ್ದಿತು, ತೆಲುಗಿನದ್ದು ಸೋತಿತು. ಏಕೆ? ಮಾಸ್ತರರ ವಿವರಣೆ ನನಗೆ ಒಪ್ಪಿಗೆ: ಸುಡುಗಾಡಿನಲ್ಲಿ ಕೋಲು ಹಿಡಿದು ನಿಂತ ರಾಜನಲ್ಲಿ ಜನ ರಾಜನನ್ನು ಹುಡುಕುವುದಿಲ್ಲ, ತಮ್ಮಂತೆ ಎಲ್ಲವನ್ನೂ ಕಳೆದುಕೊಂಡ ಒಬ್ಬನನ್ನು ಹುಡುಕುತ್ತಾರೆ. ಎನ್‌ಟಿಆರ್ ಅವರ ಮೈಕಟ್ಟು ಕಿರೀಟ ತೆಗೆದಿಟ್ಟರೂ ಕಿರೀಟ ಹೊತ್ತೇ ಇರುತ್ತದೆ. ರಾಜ್‌ಕುಮಾರ್ ಹೆಗಲು ಇಳಿಸಿದರೆ ಕೂಲಿಯವನಾಗುತ್ತಾರೆ. ಪಂಢರಿಬಾಯಿಯವರ ಚಂದ್ರಮತಿ, ನರಸಿಂಹರಾಜು ಅವರ ನಕ್ಷತ್ರಿಕ, ಎಂ.ಪಿ. ಶಂಕರ್ ಅವರ ವೀರಬಾಹು, ಇವರೆಲ್ಲ ಸುತ್ತ ನಿಂತು ಆ ಪಾತ್ರವನ್ನು ಎತ್ತಿದರು. ಲೆಕ್ಕದವರು ಇಲ್ಲಿ ಒಂದು ಪಾಯಿಂಟು ಬಿಡುವುದಿಲ್ಲ. ವೀರಬಾಹುವಿನ ಹಾಡಿಗೆ ದನಿ ಕೊಟ್ಟವರು ತೆಲುಗಿನ ಘಂಟಸಾಲ. "ನಿಮ್ಮ ಹರಿಶ್ಚಂದ್ರನ ಗೆಲುವಿನಾಗ ನಮ್ಮ ಪಾಲೂ ಅದರಿ." ಇದೆ. ಯಾರೂ ಇಲ್ಲವೆನ್ನಲಿಲ್ಲ.

ಯಾದಗಿರಿಯಲ್ಲಿ ಇದೇ ಆಟದ ಬೇರೆ ಪಂಗಡ. ಕೋಟೆಯ ಗುಡ್ಡದ ಕೆಳಗಿನ ಗಲ್ಲಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾ ಇದ್ದಾರೆ. ಕಣ್ಣಿಗೆ ಬೂದುಗಾಜು ಸಿಕ್ಕಿಸಿಕೊಂಡೇ ಮಾತಾಡುತ್ತಾರೆ, ತಲೆ ಎತ್ತುವುದಿಲ್ಲ. ಅವರ ಪಾಲಿಗೆ ಜಗತ್ತಿನಲ್ಲಿ ದೇವದಾಸ ಒಬ್ಬನೇ, 1955ರ ಬಿಮಲ್ ರಾಯ್ ಚಿತ್ರದ ದಿಲೀಪ್ ಕುಮಾರ್. ಅವರ ಎದುರಿನ ಬಟ್ಟೆ ಅಂಗಡಿಯವರು 1953ರ ತೆಲುಗು ದೇವದಾಸು ನಾಗೇಶ್ವರರಾವ್ ಪಕ್ಷ. ಇಬ್ಬರ ಅಂಗಡಿಯ ನಡುವೆ ಹತ್ತು ಹೆಜ್ಜೆಯ ರಸ್ತೆ. ಆ ರಸ್ತೆಯ ಮೇಲೆ ಈ ದಾವೆ ವರ್ಷಾನುಗಟ್ಟಲೆ ನಡೆದಿದೆ. ಬಟ್ಟೆ ಅಂಗಡಿಯವರ ವಾದ: ಕುಡಿದವನ ಕಣ್ಣು ನಾಗೇಶ್ವರರಾವ್ ಅವರಿಗೆ ಬಂದಷ್ಟು ಯಾರಿಗೂ ಬರಲಿಲ್ಲ, ರೆಪ್ಪೆ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಚಾಚಾ ಚಿಮ್ಮಟದಲ್ಲಿ ಸ್ಪ್ರಿಂಗ್ ಹಿಡಿದುಕೊಂಡೇ, "ನಕ್ಕೋ ಮಿಯಾ, ಕುಡಿದಂಗ ಮಾಡೋದು ಸಸ್ತಾ ಕೆಲಸ. ದಿಲೀಪ್ ಸಾಬ್ ಕುಡಿದಿದ್ದನ್ನ ಮುಚ್ಚಿಡಾಕ ನೋಡ್ತಾರ, ಅದು ಆ್ಯಕ್ಟಿಂಗ್" ಎನ್ನುತ್ತಾರೆ.

ಈ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಹೋಗಿ ಎರಡೂ ಚಿತ್ರ ಮತ್ತೆ ನೋಡಿದೆ. ಚಾಚಾ ಹೇಳಿದ್ದು ಕಣ್ಣಿಗೆ ಕಂಡಿತು. ಆದರೆ ದನಿ ತಗ್ಗಿಸಿ ನೋವು ತೋರಿಸುವ ದಿಲೀಪ್ ಕುಮಾರ್ ಅವರ ದೇವದಾಸ ನಮ್ಮ ಅಜ್ಜಿಯರನ್ನು ಅಷ್ಟು ಅಳಿಸಲಿಲ್ಲ, ನಾಗೇಶ್ವರರಾವ್ ಅಳಿಸಿದರು ಎಂಬುದೂ ನಿಜವೇ.

ಮುಘಲ್-ಎ-ಆಜಂ ಎತ್ತಿದರೆ ಚಾಚಾ ಸ್ವಲ್ಪ ಮೆತ್ತಗಾಗುತ್ತಾರೆ. 1960ರ ಆ ಚಿತ್ರದಲ್ಲಿ ದಿಲೀಪ್ ಸಾಹೇಬರು ಸಲೀಮ, ಆದರೆ ಚಿತ್ರವನ್ನು ಹೊತ್ತವರು ಅಕ್ಬರನಾದ ಪೃಥ್ವಿರಾಜ್ ಕಪೂರ್ ಎಂದು ಅವರೇ ಒಪ್ಪುತ್ತಾರೆ. ಅದೇ 1960ರಲ್ಲಿ ಕನ್ನಡದ ಕಲಾವಿದರು ಯಾವ ಸ್ಥಿತಿಯಲ್ಲಿದ್ದರು ಎಂಬುದನ್ನು ನಾನು ಅವರಿಗೆ ಹೇಳಿದೆ. ಕೆಲಸವಿಲ್ಲದೆ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕವಾಡಿ, ರಣಧೀರ ಕಂಠೀರವ ತೆಗೆದರು. ಅತ್ತ ಕನ್ನಡಿಯ ಮಹಲು, ಇತ್ತ ನಾಟಕದ ಗಲ್ಲಾಪೆಟ್ಟಿಗೆಯ ಚಿಲ್ಲರೆ. ಚಾಚಾ ಬೂದುಗಾಜು ತೆಗೆದು ಮೊದಲ ಸಲ ನನ್ನನ್ನು ನೋಡಿದರು. "ಇದು ಯಾರೂ ಹೇಳಿರಲಿಲ್ಲ" ಎಂದರು.

ಹಾಲಿವುಡ್ಡಿನ ಮಾತು ಇಲ್ಲಿ ಅಪರೂಪ. ಬಂದರೆ ಬೆನ್-ಹರ್‌ನ ಚಾರ್ಲ್ಟನ್ ಹೆಸ್ಟನ್, ಅವರ ರಥದ ಓಟ, ಅಲ್ಲಿಗೆ ಮುಗಿಯಿತು. ಹಳೇ ಹಾಲಿವುಡ್ಡಿನಲ್ಲಿ ನಮ್ಮವನೇ ಒಬ್ಬನಿದ್ದ ಎಂಬುದನ್ನು ಮಾತ್ರ ನಾನು ಪ್ರತಿ ಗುಂಪಿನಲ್ಲೂ ಹೇಳದೆ ಬಿಡುವುದಿಲ್ಲ. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. 1937ರ ಎಲಿಫೆಂಟ್ ಬಾಯ್ ಚಿತ್ರಕ್ಕೆ ರಾಬರ್ಟ್ ಫ್ಲಾಹರ್ಟಿ ಅವನನ್ನು ಆರಿಸಿದಾಗ ಇನ್ನೂ ಹುಡುಗ. 1940ರಲ್ಲಿ ದ ಥೀಫ್ ಆಫ್ ಬಾಗ್ದಾದ್, 1942ರಲ್ಲಿ ಜಂಗಲ್ ಬುಕ್‌ನ ಮೌಗ್ಲಿ. 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಆನೆ, ಕಾಡು, ಅರಮನೆ ಇವುಗಳ ಆಚೆಗೆ ಹಾಲಿವುಡ್ ಅವನಿಗೆ ದಾರಿ ಬಿಡಲಿಲ್ಲ. ನಮ್ಮ ಮಾಸ್ತರರು ಅದನ್ನು ಒಂದೇ ಮಾತಿನಲ್ಲಿ ಹೇಳಿದರು: "ಪಾರ್ಟು ಹುಡುಗನ್ನ ಹಿಡಕೊಂಡುಬಿಡ್ತು, ಹುಡುಗ ಪಾರ್ಟು ಹಿಡೀಲಿಲ್ಲ."

ಇವರೆಲ್ಲರಿಗಿಂತ ನಾನು ಹೆಚ್ಚು ಕಲಿತದ್ದು ಹಿಂದೆ ಟಾಕೀಜಿನಲ್ಲಿ ಆಪರೇಟರ್ ಆಗಿದ್ದ ಒಬ್ಬರಿಂದ. ಆ ಟಾಕೀಜು ಈಗಿಲ್ಲ, ಆ ಜಾಗದಲ್ಲಿ ಮದುವೆ ನಡೆಯುತ್ತದೆ. ಎರಡು ಮಷಿನ್ನು, ಒಳಗೆ ಎರಡು ಕಾರ್ಬನ್ ಕಡ್ಡಿ, ಅವುಗಳ ತುದಿಯ ನಡುವೆ ಕಣ್ಣು ಕೋರೈಸುವ ಬೆಳಕು. ಕಡ್ಡಿ ಉರಿದು ಸವೆಯುತ್ತಿದ್ದಂತೆ ಅಂತರ ಸರಿಮಾಡುತ್ತಲೇ ಇರಬೇಕು. ಮರೆತರೆ ಪರದೆ ಮಂಕಾಗಿ ಕೆಳಗಿನಿಂದ ಸೀಟಿ ಬೀಳುತ್ತದೆ. ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚುಕ್ಕಿ ಹೊಳೆದರೆ ಎರಡನೇ ಮಷಿನ್ನು ಶುರು, ಮತ್ತೊಮ್ಮೆ ಹೊಳೆದರೆ ಬದಲಿಸು. ಸವೆದ ಪ್ರಿಂಟು ಹರಿದರೆ ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ, ಉಗುರಿನಿಂದ ಒತ್ತಿ ಹಿಡಿಯಬೇಕು. ಆ ಹೆಬ್ಬೆರಳಿನ ಉಗುರು ಇವತ್ತಿಗೂ ಅವರಿಗೆ ಅಡ್ಡಡ್ಡ ಸೀಳಿದೆ. ಮಷಿನ್ನಿನ ಕರಕರದಲ್ಲಿ ಅವರಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಗೋಡೆಯ ಕಿಂಡಿಯಿಂದ ಬರೀ ಮುಖ, ಕೈ, ನಡಿಗೆ ಕಾಣುತ್ತಿತ್ತು. ಅದನ್ನೇ ದಿನಕ್ಕೆ ಎಷ್ಟೋ ಸಲ.

"ನಲವತ್ತು ಸಲ ನೋಡಿದ ಮ್ಯಾಲ ಹೀರೋನ ಮುಖ ಸಾಕಾಗ್ತದರಿ. ಆವಾಗ ಬಾಜೂಕ ನಿಂತಾಂವ ಕಾಣಾಕ ಶುರು ಆಗ್ತಾನ" ಎಂದರು ಅವರು. ಅವರಿಗೆ ಹಾಗೆ ಕಂಡವರು ಟಿ.ಎನ್. ಬಾಲಕೃಷ್ಣ. ಎದುರಿನವರು ಮಾತಾಡುವಾಗ ಬಾಲಣ್ಣನ ಕಣ್ಣು ಅವರ ತುಟಿಯಿಂದ ಕದಲುವುದಿಲ್ಲ, ಅಷ್ಟು ಲಕ್ಷ್ಯ ಕೊಟ್ಟು ಕೇಳುವ ನಟ ಇನ್ನೊಬ್ಬನಿಲ್ಲ ಎಂಬುದು ಅವರ ಗಮನಿಕೆ. ಬಾಲಕೃಷ್ಣ ಅವರಿಗೆ ಕಿವಿ ಕೇಳುತ್ತಿರಲಿಲ್ಲವೆಂದೂ, ತುಟಿಯ ಚಲನೆ ನೋಡಿಯೇ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರೆಂದೂ ನಾನು ಹೇಳಿದಾಗ ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕಿವಿ ಕೇಳದೆ ನಟಿಸಿದವರನ್ನು, ಮಾತು ಕೇಳದೆ ನೋಡುತ್ತಿದ್ದವರು ಸರಿಯಾಗಿ ಗುರುತು ಹಿಡಿದಿದ್ದರು.

ಬಣ್ಣದ ವಿಷಯದಲ್ಲಿ ಮೂರೂ ಊರುಗಳ ಅಭಿಪ್ರಾಯ ಒಂದೇ, ಅದು ನನ್ನದೂ. ಮುಘಲ್-ಎ-ಆಜಂ 2004ರಲ್ಲಿ, ಸತ್ಯ ಹರಿಶ್ಚಂದ್ರ 2008ರಲ್ಲಿ, ಮಾಯಾಬಜಾರ್ 2010ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ತೆರೆಗೆ ಬಂದವು. ಮೊಮ್ಮಕ್ಕಳು ಕುಳಿತು ನೋಡಿದರು, ಒಳ್ಳೆಯದೇ ಆಯಿತು. ಆದರೆ ಸುಡುಗಾಡಿನ ಆ ರಾತ್ರಿಗೆ ಕಪ್ಪು ಬಿಳುಪೇ ಸರಿ.

ಹೆಣ್ಣುಮಕ್ಕಳ ವಾದವನ್ನು ಹೋಟೆಲಿನಲ್ಲಿ ಕೇಳಲಾಗುವುದಿಲ್ಲ. ಅದನ್ನು ನಾನು ಕೇಳಿದ್ದು ಮನೆಯ ಪಡಸಾಲೆಯಲ್ಲಿ, ಶಾವಿಗೆ ಹೊಸೆಯುವಾಗ, ಜೋಳ ಹಸನು ಮಾಡುವಾಗ. ಭೂಕೈಲಾಸದ ಜಗಳ ಅಲ್ಲಿಯೂ ಇತ್ತು, ಆದರೆ ಅವರು ಹೊಕ್ಕ ಬಾಗಿಲೇ ಬೇರೆ. ನಮ್ಮ ದೊಡ್ಡಮ್ಮ ಮೊರದ ಮೇಲಿಂದ ಕಣ್ಣು ತೆಗೆಯದೆ ಹೇಳಿದ್ದು ನೆನಪಿದೆ: "ನೀವೆಲ್ಲ ಯಾಕ ಬಡಕೋತೀರಿ? ಇಬ್ಬರ ಮುಂದೂ ನಿಂತಾಕಿ ಜಮುನಾ ಒಬ್ಬಾಕಿನೇ. ಆಕೀನ್ನ ಕೇಳ್ರಿ, ಯಾರು ಖರೇ ರಾವಣ ಅಂತ." ಎರಡೂ ಭೂಕೈಲಾಸದಲ್ಲಿ ಮಂಡೋದರಿ ಜಮುನಾ. ಹಂಪಿಯಲ್ಲಿ ಹುಟ್ಟಿ ತೆಲುಗು ತೆರೆಯಲ್ಲಿ ದೊಡ್ಡ ಹೆಸರಾದವರು. ಒಂದೇ ವರ್ಷ, ಎರಡು ಭಾಷೆಯಲ್ಲಿ, ಇಬ್ಬರು ರಾವಣರ ಹೆಂಡತಿ. 2023ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ದೊಡ್ಡಮ್ಮನ ಆ ಮಾತು. ಕೇಳಬೇಕಾದ ಒಬ್ಬರೇ ಒಬ್ಬ ಸಾಕ್ಷಿ ಹೋದರು.

ಇನ್ನು ಸುರಪುರ. ಇಲ್ಲಿಗೆ ಬಂದರೆ ವಾದದ ಬಣ್ಣ ಬದಲಾಗುತ್ತದೆ. ಇದು ಬೇಡ ನಾಯಕರ ಸಂಸ್ಥಾನವಾಗಿತ್ತು. ಗುಡ್ಡದ ಮೇಲೆ ಈಗಲೂ ಟೇಲರ್ ಮಂಜಿಲ್ ಇದೆ. 1841ರಿಂದ ಹನ್ನೆರಡು ವರ್ಷ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನನ್ನು ಬಾಲಕ ರಾಜ ವೆಂಕಟಪ್ಪ ನಾಯಕ "ಅಪ್ಪಾ" ಎಂದು ಕರೆಯುತ್ತಿದ್ದ. ಆ ಬಾಲಕನೇ ಬೆಳೆದು ಬ್ರಿಟಿಷರ ವಿರುದ್ಧ ಕತ್ತಿ ಎತ್ತಿದ, ಸೆರೆಯಾದ, 1858ರಲ್ಲಿ ಮದರಾಸಿನ ಕಡೆಗೆ ಒಯ್ಯುವಾಗ ಗುಂಡಿಗೆ ಬಲಿಯಾದ. ಅದಕ್ಕೆ ಮುಂಚೆ ಹೈದರಾಬಾದಿನ ಸೆರೆಯಲ್ಲಿ ಟೇಲರ್ ಅವನನ್ನು ಹೋಗಿ ಕಂಡದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸುರಪುರದ ಗೆಳೆಯರು ಈ ಒಂದು ದೃಶ್ಯಕ್ಕೆ ನಟರನ್ನು ಆರಿಸುತ್ತಾ ಇಡೀ ಸಂಜೆ ಕಳೆಯಬಲ್ಲರು. ವೆಂಕಟಪ್ಪ ಇಪ್ಪತ್ತರ ಹರೆಯದವನು. ಹಾಗಾಗಿ 1975ರ ಮಯೂರದ ರಾಜ್‌ಕುಮಾರ್ ಆಗುವುದಿಲ್ಲ, 1954ರ ಇಪ್ಪತ್ತೈದರ ರಾಜ್‌ಕುಮಾರ್ ಬೇಕು. ಟೇಲರ್ ಯಾರು? ಯಾರೋ ಟಾಮ್ ಆಲ್ಟರ್ ಎಂದರು, ಉರ್ದು ಅಷ್ಟು ಚೊಕ್ಕ ಮಾತಾಡಿದ ಬಿಳಿಯ ಇನ್ನೊಬ್ಬನಿಲ್ಲವೆಂದು. ನಾನು ರಿಚರ್ಡ್ ಅಟೆನ್‌ಬರೋ ಎಂದೆ. 1977ರ ಸತ್ಯಜಿತ್ ರಾಯ್ ಚಿತ್ರ ಶತರಂಜ್ ಕೇ ಖಿಲಾಡಿಯಲ್ಲಿ ಅವಧ್ ನುಂಗಲು ಬಂದ ಜನರಲ್ ಔಟ್ರಂ ಅವರೇ. ಮಾಡುತ್ತಿರುವುದು ಅನ್ಯಾಯವೆಂದು ಒಳಗೆ ಗೊತ್ತು, ಕೈ ಮಾತ್ರ ಸರ್ಕಾರದ ಕಾಗದ ಚಾಚುತ್ತದೆ. ಸೆರೆಮನೆಯ ಬಾಗಿಲಲ್ಲಿ ನಿಂತು "ಅಪ್ಪಾ" ಎಂದು ಕರೆಸಿಕೊಳ್ಳುವವನಿಗೆ ಅದೇ ಮುಖ ಬೇಕು. ಗೆಳೆಯರು ಒಪ್ಪಿದರು.

ಸುರಪುರದಲ್ಲಿ ಇಪ್ಪತ್ತೈದರ ರಾಜ್‌ಕುಮಾರ್ ಎಂದ ಮೇಲೆ ಮುಂದಿನ ಮಾತು ಕಣ್ಣಪ್ಪನೇ. ಬೇರೆ ಕಡೆ ಬೇಡರ ಕಣ್ಣಪ್ಪ 1954ರ ಒಂದು ಚಿತ್ರ. ಎಚ್.ಎಲ್.ಎನ್. ಸಿಂಹರು ಮುತ್ತುರಾಜ ಎಂಬ ನಾಟಕದ ಹುಡುಗನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟ ಚಿತ್ರ, ನರಸಿಂಹರಾಜು ಅವರೂ ತೆರೆಗೆ ಬಂದ ಚಿತ್ರ. ಇಲ್ಲಿ ಅದು ಮನೆತನದ ಕಥೆ. ಶಿವನಿಗೆ ಕಣ್ಣು ಕೊಟ್ಟವನು ಬೇಡ, ಗುಡಿಯೊಳಗೆ ಮೊದಲು ಬಿಡಬೇಕಾದವನು ಅವನು ಎಂದು ಇಲ್ಲಿನ ಜನ ಆ ಕಥೆಯನ್ನು ಎದೆಗೆ ಒತ್ತಿಕೊಂಡಿದ್ದಾರೆ. ಅದೇ 1954ರಲ್ಲಿ ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯಂ ಎಂದು ಅದೇ ಕಥೆ ಬಂತು, ನಾಯಕ ಅಲ್ಲಿಯೂ ರಾಜ್‌ಕುಮಾರ್. ಅವರು ನಟಿಸಿದ ಒಂದೇ ಒಂದು ತೆಲುಗು ಚಿತ್ರ ಅದು. ಹಾಗಾಗಿ 1954ರ ಮಟ್ಟಿಗೆ ಕನ್ನಡ–ತೆಲುಗು ಜಗಳವೇ ಇಲ್ಲ. ಜಗಳ ಶುರುವಾಗುವುದು 1976ರಿಂದ, ಬಾಪು ಅವರ ಭಕ್ತ ಕಣ್ಣಪ್ಪದಲ್ಲಿ ಕೃಷ್ಣಂರಾಜು ಬಂದ ಮೇಲೆ. 1988ರಲ್ಲಿ ಶಿವ ಮೆಚ್ಚಿದ ಕಣ್ಣಪ್ಪ ಬಂದಾಗ ಶಿವರಾಜ್‌ಕುಮಾರ್ ಕಣ್ಣಪ್ಪನಾದರು, ಬಾಲಕ ಕಣ್ಣಪ್ಪ ಪುನೀತ್, ಹಳೇ ಕಣ್ಣಪ್ಪ ರಾಜ್‌ಕುಮಾರ್ ಈಗ ಶಿವ. 2025ರಲ್ಲಿ ಮಂಚು ವಿಷ್ಣು ಅವರ ತೆಲುಗು ಕಣ್ಣಪ್ಪ ಬಂದ ಮೇಲೆ ಹುಡುಗರೂ ಮೊಬೈಲು ಹಿಡಿದು ವಾದಕ್ಕೆ ಇಳಿದಿದ್ದಾರೆ.

ಆ ಸಂಜೆ ಸುರಪುರದ ಹೋಟೆಲಿನಲ್ಲಿ ಹುಡುಗನೊಬ್ಬ ಹೊಸ ಚಿತ್ರದ ತುಣುಕು ತೋರಿಸಿ, ನೋಡ್ರಿ ಎಷ್ಟು ಜೋರಾಗಿದೆ ಎಂದ. ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರು ಎದ್ದರು. ಹರೆಯದಲ್ಲಿ ಊರ ನಾಟಕದಲ್ಲಿ ಅವರು ಕಣ್ಣಪ್ಪನ ಪಾರ್ಟು ಮಾಡಿದವರು. ಎಡಗಾಲಿನ ಚಪ್ಪಲಿ ಬಿಟ್ಟರು. ಹೋಟೆಲಿನ ಬೆಂಚಿನ ಮೂಲೆಯನ್ನು ಲಿಂಗವೆಂದುಕೊಂಡು ಒಂದು ಕಣ್ಣು ಮುಚ್ಚಿದರು.

"ಒಂದು ಕಣ್ಣು ಕಿತ್ತು ಕೊಟ್ಟಾದ ಮ್ಯಾಲ ಎರಡನೇದು ಕೀಳಬೇಕು. ಅದನ್ನ ಕಿತ್ತರ ಲಿಂಗದ ಕಣ್ಣು ಎಲ್ಲದ ಅಂತ ಕಾಣೂದಿಲ್ಲ. ಅದಕ್ಕ ಮೊದಲೇ ಕಾಲಿಟ್ಟು ಗುರುತು ಮಾಡ್ಕೊಬೇಕು. ಹೌದಲ್ಲ? ಈಗ ಹೇಳ್ರಿ, ದೇವರ ಮ್ಯಾಲ ಕಾಲಿಡೂ ಮುಂದ ಬೆರಳು ನಡುಗಬೇಕೋ, ಬ್ಯಾಡೋ?"

ಯಾರೂ ಉತ್ತರ ಕೊಡಲಿಲ್ಲ.

"ದೊಡ್ಡ ದೊಡ್ಡ ಆ್ಯಕ್ಟರ್‌ಗೋಳು ನಡುಗಸ್ತಾರ. ಪಾಪ ಮಾಡಾಕತ್ತೀನಿ ಅನ್ನೂ ಅಂಜಿಕಿ ತೋರಸ್ತಾರ. ಅದು ತಪ್ಪು. ಬೇಡಗ ಅದು ದೇವರಲ್ಲ, ತನ್ನ ಮನಿ ಮಂದಿ. ಗಾಯ ಆದಾಂವ. ಹಿಂಗ." ಅವರ ಹೆಬ್ಬೆರಳು ಬೆಂಚಿನ ಮರದ ಮೇಲೆ ಇಳಿಯಿತು. ಕತ್ತಲಲ್ಲಿ ತಾಯಿ ಮಲಗಿದ ಕೂಸಿನ ಹಣೆ ತಡವಿ ಜ್ವರ ನೋಡುತ್ತಾಳಲ್ಲ, ಹಾಗೆ ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿದು, ಜಾಗ ಸಿಕ್ಕಿದ ಕೂಡಲೇ ನಿಂತಿತು. ಬಿರುಕು ಬಿಟ್ಟ ಹಿಮ್ಮಡಿ, ಮಣ್ಣು ಮೆತ್ತಿದ ಉಗುರು, ಎಲುಬು ಎದ್ದ ಪಾದ ಅಲುಗಲೇ ಇಲ್ಲ. ಚಹಾ ಕೊಡುವ ಹುಡುಗ ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ ನಿಂತಿದ್ದ.

"ರಾಜ್‌ಕುಮಾರ ಹೆಂಗ ಇಟ್ಟಾರ್ರಿ ಕಾಕಾ?" ಎಂದು ಹುಡುಗ ಕೇಳಿದ.

ಹಿರಿಯರು ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದರು. "ಅದನ್ನ ನೀನೇ ಹೋಗಿ ನೋಡು" ಎಂದರು. ಹುಡುಗ ಮೊಬೈಲಿನಲ್ಲಿ 1954ರ ಚಿತ್ರ ಹುಡುಕತೊಡಗಿದ. ನಾವೆಲ್ಲ ಅವನ ಹೆಗಲ ಮೇಲಿಂದ ಬಗ್ಗಿದೆವು.